ಕೂಸಿಗೆ ಎರಡು ವರ್ಷವಾದರೂ ಮಾತು ಬಂದಿಲ್ಲವೇ? ಮೊದಲು ಕಿವಿ, ಆಮೇಲೆ ನಾಲಿಗೆ

"ಎರಡ ವರ್ಷ ತುಂಬಿದ್ವು, ಇನ್ನೂ ಮಾತಾಡವಲ್ದು. ಎಲ್ಲಾ ತಿಳೀತೈತಿ, ಮಾತಷ್ಟ ಬರವಲ್ವು. ಏನ್ ಮಾಡೂಣು?" ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ತಂದೆತಾಯಿಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ ಮಾತಿನಲ್ಲಿರುತ್ತದೆ. ಮನೆಯ ಹಿರಿಯರಿಂದ ಸಿಗುವ ಉತ್ತರವೂ ಒಂದೇ: "ಅವರಪ್ಪನೂ ತಡಾ ಮಾಡೇ ಮಾತಾಡಿದ್ದ, ಬರ್ತಾವ ಬಿಡ್ರಿ."

ಕೆಲವು ಮಕ್ಕಳಿಗೆ ನಿಜವಾಗಿಯೂ ತಾವಾಗಿಯೇ ಬರುತ್ತವೆ. ಆದರೆ ಯಾವ ಮಗುವಿಗೆ ಬರುತ್ತವೆ, ಯಾವ ಮಗುವಿಗೆ ಬರುವುದಿಲ್ಲ ಎಂಬುದನ್ನು ಮುಖ ನೋಡಿ ಹೇಳಲು ಯಾರಿಂದಲೂ ಆಗದು. ಕಿವಿ ಕೇಳದ ಮಗುವೂ, ಆಟಿಸಂ (ಬೇರೆಯವರೊಂದಿಗೆ ಬೆರೆಯುವುದು, ಮಾತು, ನಡವಳಿಕೆ ಬೇರೆ ರೀತಿ ಬೆಳೆಯುವ ಸ್ಥಿತಿ) ಇರುವ ಮಗುವೂ, ಬರೀ ತಡವಾಗಿ ಮಾತಾಡುವ ಮಗುವೂ ಎರಡು ವರ್ಷಕ್ಕೆ ನೋಡಲು ಒಂದೇ ಥರ ಇರಬಹುದು. ಮಿದುಳು ಭಾಷೆಯನ್ನು ಸಲೀಸಾಗಿ ಹಿಡಿಯುವುದು ಮೊದಲ ಮೂರು ವರ್ಷಗಳಲ್ಲಿ. ಆದ್ದರಿಂದ ತಪಾಸಣೆ ಈಗಲೇ ಆಗಲಿ, ಮನೆಯ ಕೆಲಸವೂ ಈಗಲೇ ಶುರುವಾಗಲಿ. ಎರಡನ್ನೂ ಯಾವ ಕ್ರಮದಲ್ಲಿ ಮಾಡಬೇಕೆಂದು ಕೆಳಗೆ ಬರೆದಿದ್ದೇವೆ.

ಎರಡು ಪದಗಳ ವ್ಯತ್ಯಾಸ ಮೊದಲೇ ತಿಳಿದಿರಲಿ. ವೈದ್ಯರು "ಸ್ಪೀಚ್" ಎಂದರೆ ಬಾಯಿಂದ ಶಬ್ದ ಹೊರಡುವ ರೀತಿ. "ಲ್ಯಾಂಗ್ವೇಜ್" ಎಂದರೆ ತಿಳಿದುಕೊಳ್ಳುವುದು ಮತ್ತು ಪದ ಜೋಡಿಸಿ ಹೇಳುವುದು. "ರೊಟ್ಟಿ" ಎನ್ನಲು ಹೋಗಿ "ಒಟ್ಟಿ" ಎನ್ನುವ ಮೂರು ವರ್ಷದ ಮಗುವಿನದು ಮೊದಲನೆಯದು. ರೊಟ್ಟಿ ಬೇಕಾದಾಗ ಕೈಹಿಡಿದು ಎಳೆದೊಯ್ದು ಬುಟ್ಟಿಯ ಮುಂದೆ ನಿಲ್ಲಿಸುವ ಮೂರು ವರ್ಷದ ಮಗುವಿನದು ಎರಡನೆಯದು, ಅದು ಹೆಚ್ಚು ತುರ್ತಿನದು.

ಮೊದಲು ಕೂಡಿಸಿಕೊಳ್ಳಬೇಕಾದದ್ದು

ತಾಯಿ ಕಾರ್ಡ್, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ಮಗುವಿನ ಆಧಾರ್, ಒಂದು ಸಣ್ಣ ನೋಟ್‌ಬುಕ್. ಹುಟ್ಟಿದಾಗ ಮಗು ಕಾಚಿನ ಪೆಟ್ಟಿಗೆಯಲ್ಲಿತ್ತೇ, ಕಾಮಾಲೆಗೆ ಬೆಳಕಿನಡಿ ಇಟ್ಟಿದ್ದರೇ, ಅತ್ತದ್ದು ತಡವಾಯಿತೇ, ತೂಕ ಎಷ್ಟಿತ್ತು ಎಂಬುದೆಲ್ಲ ಆ ಡಿಸ್ಚಾರ್ಜ್ ಕಾರ್ಡಿನಲ್ಲಿರುತ್ತದೆ. ಬಹಳ ಮನೆಗಳಲ್ಲಿ ಅದು ಕಳೆದುಹೋಗಿರುತ್ತದೆ. ಹಾಗಾಗಿದ್ದರೆ ನೆನಪಿದ್ದಷ್ಟನ್ನು ಬರೆದಿಟ್ಟುಕೊಳ್ಳಿ.

1. ಒಂದು ವಾರ ಲೆಕ್ಕ ಬರೆಯಿರಿ

ಡಾಕ್ಟರ ಮುಂದೆ ಕುಳಿತಾಗ "ಒಂದೆರಡು ಮಾತಾಡತಾನ್ರಿ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಏಳು ದಿನ ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಬರೆಯಿರಿ.

ಮೊದಲನೆಯದು, ಪದಗಳು. ಸ್ಪಷ್ಟವಾಗಿ ಇರಬೇಕೆಂದಿಲ್ಲ. ನೀರಿಗೆ ಪ್ರತಿ ಸಲವೂ "ಬೂ" ಎಂದರೆ ಅದು ಒಂದು ಪದ. ಆಕಳಿಗೆ "ಅಂಬಾ", ನಾಯಿಗೆ "ಭೌ ಭೌ" ಎಂದರೂ ಪದವೇ. ಮನೆಯಲ್ಲಿ ಎರಡು ಮೂರು ಭಾಷೆಗಳಿದ್ದರೆ ಎಲ್ಲವನ್ನೂ ಕೂಡಿಸಿ ಎಣಿಸಿ: "ನೀರು" ಒಂದು, "ಪಾನಿ" ಇನ್ನೊಂದು. ಎಣಿಸಬಾರದವೂ ಇವೆ. ನೀವು ಹೇಳಿಕೊಟ್ಟ ಕೂಡಲೇ ಗಿಳಿಯಂತೆ ಮರುನುಡಿದದ್ದು, ಮೊಬೈಲಿನ ಹಾಡಿನ ತುಣುಕು, "ಎ ಬಿ ಸಿ ಡಿ" ಮತ್ತು "ಒನ್ ಟೂ ತ್ರೀ" ಒಪ್ಪಿಸುವುದು. ನೂರರವರೆಗೆ ಅಂಕಿ ಹೇಳುವ, ಆದರೆ ಬಾಯಾರಿದರೆ ನೀರು ಕೇಳಲು ಬಾರದ ಮಕ್ಕಳಿದ್ದಾರೆ. ಅಂಥ ಮಗುವನ್ನು "ಶಾಣ್ಯಾ ಆಗ್ಯಾನ" ಎಂದು ಬಿಟ್ಟುಬಿಡುವುದರಿಂದ ವರ್ಷಗಟ್ಟಲೆ ತಡವಾಗುತ್ತದೆ.

ಎರಡನೆಯದು, ತಿಳಿವಳಿಕೆ. "ಎಲ್ಲಾ ತಿಳೀತೈತಿ" ಎಂಬ ಮಾತನ್ನು ಒಮ್ಮೆ ಪರೀಕ್ಷಿಸಿ ನೋಡಿ. ಚಪ್ಪಲಿ ಕೈಯಲ್ಲಿ ಹಿಡಿದು "ಹೊರಗ ಹೋಗೂಣು ಬಾ" ಎಂದಾಗ ಮಗು ಓಡಿ ಬಂದರೆ ಅದಕ್ಕೆ ತಿಳಿದದ್ದು ಚಪ್ಪಲಿ ಇರಬಹುದು, ಮಾತು ಅಲ್ಲ. ಕೈಕಟ್ಟಿ ಕುಳಿತು, ವಸ್ತುವಿನ ಕಡೆ ಕಣ್ಣನ್ನೂ ಹಾಯಿಸದೆ, ಹೊತ್ತಲ್ಲದ ಹೊತ್ತಿನಲ್ಲಿ "ಚಮಚಾ ತಾ" ಎನ್ನಿ. ಬೇರೆ ಬೇರೆ ವಸ್ತುಗಳಿಗೆ ಹೀಗೆ ಐದು ಸಲ ಮಾಡಿ, ಎಷ್ಟು ಸಲ ತಂದಿತು ಎಂದು ಬರೆಯಿರಿ.

ಮೂರನೆಯದು, ಬೇಕಾದುದನ್ನು ಹೇಗೆ ಕೇಳುತ್ತದೆ? ಅಳುತ್ತದೆಯೇ, ಕೈಹಿಡಿದು ಎಳೆಯುತ್ತದೆಯೇ, ತೋರುಬೆರಳಿನಿಂದ ತೋರಿಸಿ ನಿಮ್ಮ ಮುಖ ನೋಡುತ್ತದೆಯೇ? ಬೇಡದಿದ್ದರೂ, ಬರೀ "ನೋಡು" ಎನ್ನುವುದಕ್ಕಾಗಿ ಹಾರುವ ಹಕ್ಕಿಯನ್ನೋ ದಾರಿಯ ಟ್ರ್ಯಾಕ್ಟರನ್ನೋ ತೋರಿಸುತ್ತದೆಯೇ? ಈ ಬೆರಳು ತೋರಿಸುವಿಕೆ ಮಾತಿಗಿಂತ ಮೊದಲು ಬರಬೇಕಾದದ್ದು. ಒಂದೂವರೆ ವರ್ಷಕ್ಕೂ ಅದು ಇಲ್ಲದಿದ್ದರೆ ಕಡ್ಡಾಯವಾಗಿ ಡಾಕ್ಟರಿಗೆ ಹೇಳಿ.

ಇದರ ಜೊತೆ ಎರಡೆರಡು ನಿಮಿಷದ ಮೂರು ವಿಡಿಯೊ ಮಾಡಿಕೊಳ್ಳಿ: ಆಡುವಾಗ, ಉಣ್ಣುವಾಗ, ಹಿಂದಿನಿಂದ ಹೆಸರು ಹಿಡಿದು ಕರೆದಾಗ. ಆಸ್ಪತ್ರೆಯಲ್ಲಿ ಮಗು ಬೆದರಿ ಬಾಯಿ ಬಿಡದಿದ್ದರೆ ಇವು ಕೆಲಸಕ್ಕೆ ಬರುತ್ತವೆ.

2. ವಯಸ್ಸಿಗೆ ಹೋಲಿಸಿ

ಆರರಿಂದ ಒಂಬತ್ತು ತಿಂಗಳೊಳಗೆ "ಬಬಬ", "ದದದ" ಎಂಬ ತೊದಲು ಸರಣಿ ಶುರುವಾಗಬೇಕು. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗಬೇಕು, ಟಾಟಾ ಮಾಡಬೇಕು, ಮೊದಲ ಪದ ಬರುವ ಹೊತ್ತು ಅದು. ಒಂದೂವರೆ ವರ್ಷಕ್ಕೆ ಅವ್ವ, ಅಪ್ಪ ಬಿಟ್ಟು ಕೆಲವಾದರೂ ಪದಗಳಿರಬೇಕು, ಬಹಳ ಮಕ್ಕಳಿಗೆ ಹತ್ತಿಪ್ಪತ್ತು ಇರುತ್ತವೆ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ಎರಡು ಪದ ಕೂಡಿಸುವುದು: "ಅಪ್ಪ ಬಾ", "ಹಾಲ ಬ್ಯಾಡ", "ಗಾಡಿ ಹೋತು". ಮೂರಕ್ಕೆ ಮೂರ್ನಾಲ್ಕು ಪದದ ವಾಕ್ಯ, ಮನೆಗೆ ಬಂದ ಬೀಗರಿಗೂ ಮುಕ್ಕಾಲು ಪಾಲು ತಿಳಿಯುವಷ್ಟು ಸ್ಪಷ್ಟತೆ. ನಾಲ್ಕಕ್ಕೆ ಹೊರಗಿನವರಿಗೂ ಬಹುತೇಕ ಎಲ್ಲ ತಿಳಿಯಬೇಕು.

ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ, ಎರಡು ವರ್ಷ ತುಂಬುವವರೆಗೆ ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸು ಎಣಿಸಿ.

ಈ ಕೆಳಗಿನ ಯಾವುದೊಂದಿದ್ದರೂ "ಇನ್ನ ಆರ ತಿಂಗಳ ನೋಡೂಣು" ಎನ್ನಬೇಡಿ:

- ವರ್ಷ ತುಂಬಿದರೂ ತೊದಲು ಸರಣಿ ಇಲ್ಲ, ಕೈಸನ್ನೆ ಇಲ್ಲ
- 16 ತಿಂಗಳಿಗೂ ಒಂದೂ ಪದವಿಲ್ಲ
- 24 ತಿಂಗಳಿಗೂ ತಾನಾಗಿ ಎರಡು ಪದ ಕೂಡಿಸುವುದಿಲ್ಲ
- ಹೆಸರು ಕರೆದರೆ ತಿರುಗುವುದಿಲ್ಲ, ಕಣ್ಣಿಗೆ ಕಣ್ಣು ಕೊಡುವುದಿಲ್ಲ
- ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ಹೋಗಿದೆ

ಕೊನೆಯದು ಎಲ್ಲಕ್ಕಿಂತ ತುರ್ತಿನದು. "ದೃಷ್ಟಿ ಆಗೇತಿ" ಎಂದು ನಿವಾಳಿಸುವುದಿದ್ದರೆ ನಿವಾಳಿಸಿ, ಆದರೆ ಮರುದಿನವೇ ಮಕ್ಕಳ ಡಾಕ್ಟರನ್ನು ಕಾಣಿ. ಗಂಡುಮಕ್ಕಳು ಸ್ವಲ್ಪ ತಡವಾಗಿ ಮಾತಾಡುವುದು ನಿಜ. ಆದರೂ ಮೇಲಿನ ಗಡುವು ಗಂಡಿಗೂ ಹೆಣ್ಣಿಗೂ ಒಂದೇ.

3. ಕಿವಿ ಪರೀಕ್ಷೆ: ಇದನ್ನು ಬಿಟ್ಟು ಮುಂದೆ ಹೋಗಬೇಡಿ

ಮಾತು ತಡವಾದ ಪ್ರತಿ ಮಗುವಿಗೂ ಕಿವಿ ಪರೀಕ್ಷೆ ಆಗಲೇಬೇಕು. "ಕಿವಿ ಛಲೋ ಕೇಳ್ತಾವ್ರಿ, ಕುಕ್ಕರ್ ಸೀಟಿ ಹೊಡದ್ರ ತಿರಗತಾನ" ಎಂಬುದು ಪರೀಕ್ಷೆಯಲ್ಲ. ಕಾರಣ ಸರಳ. ನಾವು ಆಡುವ ಮಾತಿನ ಗಟ್ಟಿತನ ಸುಮಾರು 60 ಡೆಸಿಬಲ್. ಡೆಸಿಬಲ್ ಎಂದರೆ ಶಬ್ದದ ಗಟ್ಟಿತನದ ಅಳತೆ. ಕುಕ್ಕರಿನ ಸೀಟಿ, ತಾಟು ಬಿದ್ದ ಸಪ್ಪಳ, ಪಟಾಕಿ ಇವೆಲ್ಲ ಅದಕ್ಕಿಂತ ಎಷ್ಟೋ ಜೋರು. 50 ಡೆಸಿಬಲ್ ಕಿವುಡಿರುವ ಮಗು ಸೀಟಿಗೆ ತಿರುಗುತ್ತದೆ, ಆದರೆ ಅವ್ವನ ಮಾತು ಅದಕ್ಕೆ ಪಿಸುದನಿಯಂತೆ ಬೀಳುತ್ತದೆ. ಕೆಲವು ಮಕ್ಕಳಿಗೆ ದಪ್ಪ ಸ್ವರ ಕೇಳುತ್ತದೆ, ತೀಕ್ಷ್ಣ ಸ್ವರ ಕೇಳುವುದಿಲ್ಲ. ಅಂಥವರಿಗೆ "ಅ", "ಮ" ಮುಟ್ಟುತ್ತವೆ, "ಸ", "ಶ" ಮುಟ್ಟುವುದಿಲ್ಲ. ಬೆನ್ನ ಹಿಂದೆ ಚಪ್ಪಾಳೆ ತಟ್ಟಿದಾಗ ಗಾಳಿಯ ತಾಕು, ನೆರಳು, ನೆಲದ ಅದುರಿಗೂ ಮಗು ತಿರುಗುತ್ತದೆ.

ನಮ್ಮ ಭಾಗದಲ್ಲಿ ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಲಗ್ನ ಮಾಡುವುದು ರೂಢಿ. ಹುಟ್ಟುಗಿವುಡಿನ ಹಲವು ಬಗೆಗಳು ತಂದೆತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ದೋಷದಿಂದ ಬರುತ್ತವೆ, ಸಂಬಂಧದ ಮದುವೆಯಲ್ಲಿ ಆ ಸಾಧ್ಯತೆ ಹೆಚ್ಚು. ಇದು ಯಾರ ತಪ್ಪೂ ಅಲ್ಲ. ಆದರೆ ಡಾಕ್ಟರು ಕೇಳಿದಾಗ ಮುಚ್ಚಿಡಬೇಡಿ. ಕಾಮಾಲೆ ಏರಿದ್ದು, ಕಾಚಿನ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಇದ್ದದ್ದು, ಮಿದುಳು ಜ್ವರ ಬಂದದ್ದು, ಬಸಿರಿನಲ್ಲಿ ತಾಯಿಗೆ ಮೈಮೇಲೆ ಗುಳ್ಳೆಯೆದ್ದು ಜ್ವರ ಬಂದದ್ದು, ಇವನ್ನೂ ಹೇಳಿ.

ಮಾಡುವ ಪರೀಕ್ಷೆಗಳು ಇವು.

ಒಎಇ: ಕಿವಿಯಲ್ಲಿ ಮೆತ್ತನೆಯ ಸಣ್ಣ ಮೊನೆ ಇಟ್ಟು ಸದ್ದು ಬಿಡುತ್ತಾರೆ. ಒಳಗಿವಿ ಸರಿಯಿದ್ದರೆ ಮರುದನಿ ಕೊಡುತ್ತದೆ. ಕೆಲವೇ ನಿಮಿಷದ ಕೆಲಸ, ನೋವಿಲ್ಲ. ಫಲಿತಾಂಶ "ಪಾಸ್" ಅಥವಾ "ರೆಫರ್" ಎಂದು ಬರುತ್ತದೆ. "ರೆಫರ್" ಎಂದರೆ ಕಿವುಡು ಎಂದಲ್ಲ, ಇನ್ನೂ ನೋಡಬೇಕು ಎಂದರ್ಥ. ಕಿವಿಯಲ್ಲಿ ಕುಗ್ಗೆ ಇದ್ದರೂ, ನೆಗಡಿಯಿದ್ದರೂ, ಮಗು ಅತ್ತರೂ ಹಾಗೆ ಬರಬಹುದು. ಆದರೆ "ಮತ್ತ ಬರ್ರಿ" ಎಂದದ್ದನ್ನು ಮರೆತು ಮನೆಯಲ್ಲಿ ಕೂಡುವುದು ಬಹಳ ಕಡೆ ಆಗುವ ತಪ್ಪು.

ಬೆರಾ: ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಸದ್ದು ಕಿವಿಯ ನರದ ಮೂಲಕ ಮಿದುಳಿನ ಬುಡದವರೆಗೆ ಮುಟ್ಟುತ್ತದೆಯೇ, ಎಷ್ಟು ಡೆಸಿಬಲ್ಲಿಗೆ ಮುಟ್ಟುತ್ತದೆ ಎಂದು ನೋಡುತ್ತಾರೆ. ಕಾಮಾಲೆ ಏರಿದ ಮಕ್ಕಳಲ್ಲಿ ಕೆಲವರಿಗೆ ಒಎಇ ಪಾಸಾಗುತ್ತದೆ, ಆದರೆ ನರ ಸಂಕೇತವನ್ನು ಸರಿಯಾಗಿ ಒಯ್ಯುವುದಿಲ್ಲ. ಆದ್ದರಿಂದ ಅಂಥ ಮಕ್ಕಳಿಗೆ ಬೆರಾ ಬೇಕೇ ಬೇಕು. ಮಗು ನಿದ್ದೆಯಲ್ಲಿದ್ದಾಗ ಮಾತ್ರ ಇದು ಆಗುತ್ತದೆ. ಮಗು ಮಲಗದ್ದರಿಂದಲೇ ಬೆರಾ ಕೆಡುವುದುಂಟು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ. ಮುಂಡರಗಿಯಿಂದಲೋ ಹಾನಗಲ್ಲಿನಿಂದಲೋ ಬರುವವರು ಬಸ್ಸಿನಲ್ಲಿ ಮಗುವನ್ನು ಮಲಗಲು ಬಿಡಬೇಡಿ, ಬಸ್ಸಿನ ನಿದ್ದೆ ಮುಗಿಸಿ ಆಸ್ಪತ್ರೆಗೆ ಬಂದ ಮಗು ಸಂಜೆವರೆಗೆ ಮಲಗುವುದಿಲ್ಲ. ಮಲಗಿಸಲು ಸಿರಪ್ ಕೊಡುವುದಾದರೆ ಎಷ್ಟು ತಾಸು ಮೊದಲು ಹಾಲು, ಊಟ ನಿಲ್ಲಿಸಬೇಕೆಂದು ಹಿಂದಿನ ದಿನವೇ ಕೇಳಿಕೊಳ್ಳಿ. ನೆತ್ತಿಗೆ, ಹಣೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆಯ ಮೇಲೆ ತಂತಿ ಅಂಟುವುದಿಲ್ಲ.

ಇಂಪಿಡೆನ್ಸ್: ಕಿವಿತಮಟೆಯ ಹಿಂದೆ ನೀರು ತುಂಬಿದೆಯೇ ಎಂದು ಹೇಳುವ ಪರೀಕ್ಷೆ. ಪದೇಪದೇ ನೆಗಡಿಯಾಗುವ, ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ ಮಕ್ಕಳಿಗೆ ಇದು ಮುಖ್ಯ. ಈ ನೀರಿನಿಂದ ಕಿವಿ ಮಂದವಾಗುತ್ತದೆ, ಒಂದು ದಿನ ಕೇಳುತ್ತದೆ, ಇನ್ನೊಂದು ದಿನ ಕೇಳುವುದಿಲ್ಲ. ಮನೆಯವರು "ಹಟಮಾರಿ" ಎಂದುಕೊಳ್ಳುತ್ತಾರೆ. ಬಹಳಷ್ಟು ಸಲ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರು ತಮಟೆಯಲ್ಲಿ ಸಣ್ಣ ನಳಿಕೆ ಕೂಡಿಸುವ ಮಾತು ಹೇಳಬಹುದು.

ಕಿವಿಯಲ್ಲಿ ಕಾಯಿಸಿದ ಎಣ್ಣೆ ಬಿಡುವುದನ್ನು ಇಂದಿನಿಂದಲೇ ನಿಲ್ಲಿಸಿ, ಕಡ್ಡಿ ಹಾಕಿ ಕುಗ್ಗೆ ತೆಗೆಯುವುದನ್ನೂ.

ಕಿವುಡು ಇದೆ ಎಂದು ಖಚಿತವಾದರೆ ಹಿಯರಿಂಗ್ ಏಡ್ ತಡಮಾಡದೆ ಹಾಕಿಸಿ. ಹುಟ್ಟಿನಿಂದ ಇರುವ ಕಿವುಡಿಗೆ ನಿಯಮ ಹೀಗಿದೆ: ಒಂದು ತಿಂಗಳೊಳಗೆ ಸೋಸು ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ. ಆ ಗಡುವು ದಾಟಿದ್ದರೆ ಎದೆಗುಂದಬೇಡಿ, ಆದರೆ ಇನ್ನು ಒಂದು ವಾರವನ್ನೂ ಕಳೆಯಬೇಡಿ. ಎಚ್ಚರವಿರುವಷ್ಟು ಹೊತ್ತೂ ಯಂತ್ರ ಕಿವಿಯಲ್ಲಿರಬೇಕು. "ಸಾಲಿಗೆ ಹೋಗುವಾಗಷ್ಟ ಹಾಕತೀವಿ" ಎಂದರೆ ಅದರಿಂದ ಲಾಭವಿಲ್ಲ. ಮಗುವಿನ ಕಿವಿ ಬೆಳೆದಂತೆ ಅಚ್ಚು ಸಡಿಲವಾಗಿ ಸೀಟಿ ಹೊಡೆಯತೊಡಗುತ್ತದೆ. ಆಗ ಯಂತ್ರ ಕೆಟ್ಟಿತೆಂದು ಮೂಲೆಗೆ ಇಡಬೇಡಿ, ಕಿವಿಯಚ್ಚು ಬದಲಿಸಬೇಕಷ್ಟೇ. ಸಣ್ಣ ಕೂಸುಗಳಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಇದು ಬೇಕಾಗುತ್ತದೆ. ಯಂತ್ರದಿಂದಲೂ ಕೇಳದಷ್ಟು ಕಿವುಡಿದ್ದರೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಯೊಳಗೆ ಶಸ್ತ್ರಚಿಕಿತ್ಸೆಯಿಂದ ಕೂಡಿಸುವ ಯಂತ್ರದ ದಾರಿಯಿದೆ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಇದಕ್ಕೆ ನೆರವು ಸಿಗುವುದು ಐದು ವರ್ಷದೊಳಗಿನ ಹುಟ್ಟುಗಿವುಡಿನ ಮಕ್ಕಳಿಗೆ. ವಯಸ್ಸು ದಾಟಿದ ಮೇಲೆ ಓಡಾಡಿ ಉಪಯೋಗವಿಲ್ಲ.

4. ಎಲ್ಲಿಗೆ ಹೋಗಬೇಕು

ಹತ್ತಿರದ ಬಾಗಿಲು ಅಂಗನವಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಕಿವುಡು, ಮಾತಿನ ತಡ ಅವರ ಪಟ್ಟಿಯಲ್ಲಿವೆ. ತಂಡ ಬರುವ ದಿನವನ್ನು ಕಾರ್ಯಕರ್ತೆಯಲ್ಲಿ ಕೇಳಿ, ಆ ದಿನ ಮಗುವನ್ನು ಕರೆದೊಯ್ದು "ಮಾತು ಬಂದಿಲ್ಲ" ಎಂದು ನೀವೇ ಬಾಯಿಬಿಟ್ಟು ಹೇಳಿ. ಗದ್ದಲದಲ್ಲಿ ಸುಮ್ಮನೆ ಕುಳಿತ ಮಗು ಅವರ ಕಣ್ಣಿಗೆ ಬೀಳದೆ ಹೋಗುತ್ತದೆ. ಅವರು ಬರೆದುಕೊಟ್ಟ ಚೀಟಿಯೊಂದಿಗೆ ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಹೋಗಬಹುದು.

ತಂಡಕ್ಕೆ ಕಾಯಬೇಕೆಂದೇನೂ ಇಲ್ಲ. ಹುಬ್ಬಳ್ಳಿಯಲ್ಲಿ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದಲ್ಲಿ ಜಿಲ್ಲಾಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ಗದಗಿನಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾಸ್ಪತ್ರೆ, ಇಲ್ಲಿನ ಮಕ್ಕಳ ವಿಭಾಗಕ್ಕೋ ಕಿವಿ-ಮೂಗು-ಗಂಟಲು ವಿಭಾಗಕ್ಕೋ ನೇರ ಹೋಗಬಹುದು. ಧಾರವಾಡದಲ್ಲಿ ಜೆಎಸ್‌ಎಸ್‌ನ ವಾಕ್ ಶ್ರವಣ ಸಂಸ್ಥೆಯಿದೆ. ಕಣ್ಣು ಕೊಡದಿರುವುದು, ಹೆಸರಿಗೆ ತಿರುಗದಿರುವುದು, ಒಂದೇ ಆಟವನ್ನು ತಾಸುಗಟ್ಟಲೆ ಆಡುವುದು ಇದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯರನ್ನು ಕಾಣಿ. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಹೊರಡುವ ಮುನ್ನ ಫೋನ್ ಮಾಡಿ ಆಡಿಯಾಲಜಿಸ್ಟ್, ಅಂದರೆ ಕಿವಿ ಪರೀಕ್ಷೆ ಮಾಡುವ ತಜ್ಞರು ಯಾವ ದಿನ ಇರುತ್ತಾರೆಂದು ಕೇಳಿ. ಶಿರಹಟ್ಟಿಯಿಂದಲೋ ಹಿರೇಕೆರೂರಿನಿಂದಲೋ ಒಂದು ದಿನದ ದುಡಿಮೆ ಬಿಟ್ಟು ಬಂದು "ಇವತ್ತ ಮಷಿನ್ ಇಲ್ಲ" ಎಂದು ಕೇಳಿಸಿಕೊಂಡವರು ಎರಡನೇ ಸಲ ಬರುವುದಿಲ್ಲ. ತಾಯಂದಿರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ವಾರಕ್ಕೊಮ್ಮೆ ಥೆರಪಿಗೆ, ಅಂದರೆ ಮಾತಿನ ಚಿಕಿತ್ಸೆಗೆ ಬರುವವರಿಗೆ ಇದು ದೊಡ್ಡ ಆಸರೆ.

ಖಾಸಗಿಯಾಗಿ ತೋರಿಸುವುದಾದರೆ ಥೆರಪಿಸ್ಟರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಆರ್‌ಸಿಐ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಇದರಲ್ಲಿ ಹೆಸರಿಲ್ಲದವರು ಮಾತಿನ ಚಿಕಿತ್ಸೆ ಕೊಡುವಂತಿಲ್ಲ. ಬಿಎಎಸ್‌ಎಲ್‌ಪಿ ಎಂಬುದು ಈ ವಿದ್ಯೆಯ ಪದವಿ, ನಾಲ್ಕು ವರ್ಷದ್ದು. ಸಂಖ್ಯೆ ಕೇಳಿದರೆ ಸಿಟ್ಟಾಗುವವರ ಹತ್ತಿರ ಮಗುವನ್ನು ಬಿಡಬೇಡಿ.

ಹಣ ಸುರಿಯಬಾರದ ಕಡೆಗಳೂ ಇವೆ. ಮಾತು ಬರಿಸುವ ಸಿರಪ್ ಎಂಬುದಿಲ್ಲ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಬೇಡವೆಂದಿದೆ. ನಾಲಿಗೆಯ ಅಡಿ ಅಂಟಿದ್ದರೆ ಕೆಲವು ಅಕ್ಷರ ಅಸ್ಪಷ್ಟವಾಗಬಹುದು, ಆದರೆ ಪದವೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಅದನ್ನು ಕತ್ತರಿಸಿದರೆ ಮಾತು ಬರುತ್ತದೆಂದು ಯಾರಾದರೂ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಅದರಿಂದ ಮಾತು ಬರುವುದಿಲ್ಲ. ಮೇಲಾಗಿ ವರ್ಷದೊಳಗಿನ ಕೂಸಿಗೆ ಜೇನು ಅಪಾಯ, ಅದರಲ್ಲಿರಬಹುದಾದ ರೋಗಾಣು ಉಸಿರಾಟವನ್ನೇ ಕೆಡಿಸಬಲ್ಲದು.

5. ತಪಾಸಣೆಯ ದಿನ

ಥೆರಪಿಸ್ಟರು ಮಗುವಿನ ಜೊತೆ ಆಡುತ್ತಾರೆ, ಚಿತ್ರ ತೋರಿಸುತ್ತಾರೆ, ನಿಮಗೆ ಬಹಳ ಪ್ರಶ್ನೆ ಕೇಳುತ್ತಾರೆ. 16ರಿಂದ 30 ತಿಂಗಳ ಮಗುವಾದರೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ತುಂಬಿಸಬಹುದು. ಅದು ಆಟಿಸಂ ಸಂದೇಹವನ್ನು ಸೋಸುವ ಪಟ್ಟಿ, ರೋಗನಿರ್ಣಯವಲ್ಲ. ಉತ್ತರ ಗೊತ್ತಿಲ್ಲದಿದ್ದರೆ "ನೋಡಿಲ್ರಿ" ಎನ್ನಿ. ಮಗು ಒಮ್ಮೆ ಮಾಡಿದ್ದನ್ನು ದಿನಾಲೂ ಮಾಡುತ್ತದೆ ಎಂದು ಹೇಳಿದರೆ ನಷ್ಟ ಮಗುವಿಗೇ. ವರದಿಯಲ್ಲಿ "ರಿಸೆಪ್ಟಿವ್ 18 ತಿಂಗಳು, ಎಕ್ಸ್‌ಪ್ರೆಸಿವ್ 12 ತಿಂಗಳು" ಎಂದಿದ್ದರೆ ತಿಳಿವಳಿಕೆ ಒಂದೂವರೆ ವರ್ಷದ ಮಗುವಿನಷ್ಟು, ಆಡುವ ಮಾತು ಒಂದು ವರ್ಷದ ಮಗುವಿನಷ್ಟು ಎಂದರ್ಥ. ತಿಳಿವಳಿಕೆ ವಯಸ್ಸಿಗೆ ತಕ್ಕಂತಿದ್ದು ಮಾತಷ್ಟೇ ಹಿಂದಿದ್ದರೆ ಮಗು ಬೇಗ ಸುಧಾರಿಸುವ ಭರವಸೆ ಹೆಚ್ಚು.

ಥೆರಪಿ ಶುರುವಾದರೆ ನಿಮ್ಮನ್ನೂ ಒಳಗೆ ಕೂಡಿಸಿಕೊಳ್ಳಲು ಕೇಳಿ, "ಈ ವಾರ ಮನ್ಯಾಗ ಏನ್ ಮಾಡಬೇಕ್ರಿ" ಎಂದು ಕೇಳದೆ ಎದ್ದು ಬರಬೇಡಿ. ವಾರದ ಮುಕ್ಕಾಲು ತಾಸಿನಿಂದ ಮಾತು ಬರುವುದಿಲ್ಲ, ಉಳಿದ ಆರೂ ದಿನ ಮನೆಯಲ್ಲಿ ನಡೆಯುವುದರಿಂದ ಬರುತ್ತದೆ.

6. ಮನೆಯ ಕೆಲಸ

ತಪಾಸಣೆಗೆ ದಿನ ಸಿಗುವವರೆಗೂ ಕಾಯದೆ ಇದನ್ನು ಇಂದೇ ಶುರು ಮಾಡಬಹುದು.

ಹತ್ತು ಪದ ಆರಿಸಿ. ಬಣ್ಣ, ಹಣ್ಣು, ಅಕ್ಷರ ಬೇಡ. ದಿನಕ್ಕೆ ಹತ್ತಾರು ಸಲ ಕೆಲಸಕ್ಕೆ ಬರುವ ಪದಗಳು ಬೇಕು: ಬಾ, ಕೊಡು, ತಗೋ, ಬ್ಯಾಡ, ಸಾಕು, ಇನ್ನ, ತೆಗಿ, ಹಾಕು, ಬಿತ್ತು, ಮುಗೀತು. ಇವುಗಳಲ್ಲಿ ಹೆಚ್ಚಿನವು ಕೆಲಸ ಹೇಳುವ ಪದಗಳೇ ಎಂಬುದನ್ನು ಗಮನಿಸಿ. "ಕೊಡು" ಕಲಿತ ಮಗು ನಾಳೆ ಅದರ ಮುಂದೆ ಹಾಲು, ಚೆಂಡು, ರೊಟ್ಟಿ ಯಾವುದನ್ನಾದರೂ ಇಟ್ಟುಕೊಳ್ಳುತ್ತದೆ. "ಆ್ಯಪಲ್" ಕಲಿತ ಮಗು ಅಲ್ಲಿಗೇ ನಿಲ್ಲುತ್ತದೆ. ಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ, ಅಜ್ಜ, ಅಜ್ಜಿ, ಕಾಕಾ, ಚಿಗವ್ವ ಎಲ್ಲರೂ ಅದೇ ಪದ ಬಳಸಲಿ. ಒಬ್ಬರು "ಬೂ", ಒಬ್ಬರು "ನೀರು", ಒಬ್ಬರು "ವಾಟರ್" ಎಂದರೆ ಹೊಸದಾಗಿ ಕಲಿಯುವ ಮಗುವಿಗೆ ಭಾರ. ಇದರರ್ಥ ಮನೆಯ ಎರಡನೇ ಭಾಷೆ ಬಿಡಬೇಕೆಂದಲ್ಲ. ಉರ್ದು, ಮರಾಠಿ, ಕನ್ನಡ ಎರಡೆರಡು ಭಾಷೆ ಇರುವುದರಿಂದ ಮಾತು ತಡವಾಗುವುದಿಲ್ಲ. ನಿಮಗೆ ಮನಸಾರೆ ಬರುವ ಭಾಷೆಯಲ್ಲೇ ಮಾತಾಡಿ. ನರ್ಸರಿಯ ಸಲುವಾಗಿ ಮುರುಕು ಇಂಗ್ಲಿಷಿಗೆ ಹೊರಳಿದರೆ ಮಗುವಿಗೆ ಸಿಗುವ ಮಾತೇ ಬಡವಾಗುತ್ತದೆ.

ಮಗುವಿನ ಎತ್ತರಕ್ಕೆ ಕುಳಿತು, ನಿಮ್ಮ ಬಾಯಿ ಕಾಣುವಂತೆ ಮಾತಾಡಿ. ದಿನಕ್ಕೆ ಮೂರು ಹೊತ್ತು, ಹದಿನೈದು ನಿಮಿಷ, ಟಿವಿ ಬಂದ್. ಬೇರೆ ಸಮಯ ಹುಡುಕಬೇಕಾಗಿಲ್ಲ. ರೊಟ್ಟಿ ಮಾಡುವಾಗ ಒಲೆಯಿಂದ ದೂರ ಕೂಡಿಸಿ ಒಂದು ಹಿಟ್ಟಿನ ಉಂಡಿ ಕೊಡಿ: "ಬಡಿ. ಬಡಿ. ಆತು! ಇನ್ನ? ಇನ್ನ ಬಡಿ." ಜಳಕ ಮಾಡಿಸುವಾಗ ತಂಬಿಗೆ ಎತ್ತಿ ಹಿಡಿದು ನಿಲ್ಲಿ: "ಹಾಕ್ಲಿ?" ಎಂದು ಕೇಳಿ ಕಾಯಿರಿ. ಮಗು ನೋಡಿದರೂ, ಕೈಯೆತ್ತಿದರೂ, "ಆ" ಎಂದರೂ "ಹಾಕು!" ಎಂದು ನೀವೇ ಹೇಳಿ ನೀರು ಸುರಿಯಿರಿ.

ಆ ಕಾಯುವುದೇ ಬಹಳ ಜನರಿಂದ ಆಗದ ಕೆಲಸ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನವಾಗಿ ಹತ್ತರವರೆಗೆ ಎಣಿಸಿ. ಮಾತು ತಡವಾದ ಮಗುವಿಗೆ ಕೇಳಿದ್ದನ್ನು ತಿಳಿದು, ಬಾಯಿ ಹೊಂದಿಸಿಕೊಳ್ಳಲು ಆ ಹೊತ್ತು ಬೇಕು. ತುಂಬಿದ ಮನೆಯಲ್ಲಿ ಎರಡು ಎಣಿಸುವುದರೊಳಗೆ ಅಕ್ಕನೋ ಅಜ್ಜಿಯೋ ಉತ್ತರ ಕೊಟ್ಟಿರುತ್ತಾರೆ, ಮಗು ಕೈಚಾಚುವ ಮೊದಲೇ ವಸ್ತು ಕೈಗೆ ಬಂದಿರುತ್ತದೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ, ಆದರೆ ಆ ಮಗುವಿಗೆ ಮಾತಾಡುವ ಅಗತ್ಯವೇ ಬೀಳುವುದಿಲ್ಲ. ಇಷ್ಟದ ಆಟಿಗೆಯನ್ನು ಬಿಗಿಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿಟ್ಟು ಕೊಡಿ. ತೆಗೆಯಲಾಗದೆ ನಿಮ್ಮ ಕಡೆ ತರುತ್ತದೆ. "ತೆಗಿ?" ಎಂದು ಕೇಳಿ, ಕಾದು, ತೆಗೆದುಕೊಡಿ. ಎರಡು ಕೈಯಲ್ಲಿ ಎರಡು ವಸ್ತು ಹಿಡಿದು "ಬಾಳೆಹಣ್ಣ ಬೇಕೋ, ಚಪಾತಿ ಬೇಕೋ?" ಎನ್ನಿ. ಇಡೀ ಶೇಂಗಾ ಕಾಳು, ಪುಟಾಣಿ ಇದಕ್ಕೆ ಬಳಸಬೇಡಿ, ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಮಗು ಒಂದು ಪದ ಹೇಳಿದರೆ ನೀವು ಒಂದು ಪದ ಸೇರಿಸಿ ತಿರುಗಿ ಕೊಡಿ.

ಕೂಸು: "ಹಾಲ."
ನೀವು: "ಹಾಲ ಬೇಕು! ತಗೋ, ಬಿಸಿ ಹಾಲ."

ಕೂಸು: "ತಾತಾ." ಅದು ಕಾಕಾನಿಗೆ ಹೇಳುವುದು ಹಾಗೆ.
ನೀವು: "ಹೂಂ, ಕಾಕಾ ಬಂದ."

"ತಾತಾ ಅಲ್ಲ, ಕಾಕಾ ಅನ್ನು" ಎಂದು ತಿದ್ದಬೇಡಿ, ಮುದ್ದಿಗಾಗಿ ನೀವೂ "ತಾತಾ" ಎನ್ನಲೂಬೇಡಿ. ಸರಿಯಾದ ಪದ ಕಿವಿಗೆ ಬಿದ್ದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಒತ್ತಾಯ. ಬೀಗರು ಬಂದಾಗ "ಅವ್ವಾ ಅನ್ನು, ಅಪ್ಪಾ ಅನ್ನು, ಅಂದ್ರಷ್ಟ ಬಿಸ್ಕೀಟ್ ಕೊಡ್ತೀನಿ" ಎಂದು ನಿಲ್ಲಿಸುವುದು, ಓರಗೆಯ ಮಗುವನ್ನು ತೋರಿಸಿ ಹೀಯಾಳಿಸುವುದು. ಕೆಲವು ಮಕ್ಕಳು ಇದರಿಂದ ಇದ್ದ ಮಾತನ್ನೂ ನುಂಗಿಕೊಳ್ಳುತ್ತಾರೆ. ಪ್ರಶ್ನೆಗಳಿಗಿಂತ ಹೇಳಿಕೆಗಳು ಹೆಚ್ಚಿರಲಿ. "ಇದೇನು? ಅದೇನು?" ಎಂದು ಕೇಳುತ್ತಲೇ ಇರುವ ಬದಲು "ಗಾಡಿ ಹೊಂಟತು" ಎಂದು ಹೇಳುತ್ತಿರಿ.

ಕೈಸನ್ನೆ ಕಲಿಸಿದರೆ, ಚಿತ್ರಪಟ ಬಳಸಿದರೆ ಮಗು ಮಾತಾಡುವುದನ್ನೇ ಬಿಡುತ್ತದೆ ಎಂಬ ಹೆದರಿಕೆ ಬೇಡ, ಅವು ಮಾತಿಗೆ ಮೆಟ್ಟಿಲಾಗುತ್ತವೆ. ಪೀಪಿ ಊದಿಸುವುದು, ಮೇಣಬತ್ತಿ ಆರಿಸುವುದು, ನಾಲಿಗೆ ತಿಕ್ಕುವುದು ಇವುಗಳಲ್ಲಿ ಸಮಯ ಕಳೆಯಬೇಡಿ. ಊದಲು ಕಲಿತ ಬಾಯಿ ಊದುತ್ತದೆ, ಅದರಿಂದ ಪದ ಹುಟ್ಟುವುದಿಲ್ಲ.

7. ಮೊಬೈಲ್

ಎರಡು ವರ್ಷದೊಳಗೆ ಮೊಬೈಲ್, ಟಿವಿ ಬೇಡ, ದೂರದ ಮಾಮಾನ ಜೊತೆ ವಿಡಿಯೊ ಕಾಲ್ ಆದರೆ ಅಡ್ಡಿಯಿಲ್ಲ. ಎರಡರಿಂದ ಐದರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು, ಅದೂ ದೊಡ್ಡವರು ಪಕ್ಕದಲ್ಲಿದ್ದು. ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆಯೂ ಇದೇ. ಮೊಬೈಲ್ ಎಷ್ಟೇ ಮಾತಾಡಿದರೂ ಮಗುವಿನ "ಬೂ"ಗೆ ಉತ್ತರ ಕೊಡುವುದಿಲ್ಲ. ಒಮ್ಮೆಲೇ ಕಸಿದರೆ ಮೂರ್ನಾಲ್ಕು ದಿನ ರಂಪ ಇರುತ್ತದೆ, ಆಮೇಲೆ ಇಳಿಯುತ್ತದೆ. ಮೊದಲು ಊಟದ ಹೊತ್ತಿನ ಮೊಬೈಲ್ ನಿಲ್ಲಿಸಿ.

ಒಂದು ಎಚ್ಚರಿಕೆ. "ಮೊಬೈಲಿನಿಂದಲೇ ಹಿಂಗಾಗೇತಿ" ಎಂದು ನೀವೇ ತೀರ್ಮಾನಿಸಿ ಕಿವಿ ಪರೀಕ್ಷೆಯನ್ನು ಮುಂದೂಡಬೇಡಿ. ಮೊಬೈಲ್ ಬಿಡಿಸಿದ ಮೇಲೂ ಕಿವುಡು ಕಿವುಡಾಗಿಯೇ ಇರುತ್ತದೆ.

8. ಅಕ್ಷರ ತಪ್ಪುವುದು, ಉಗ್ಗುವುದು

ಇವು ಬೇರೆ ಸಂಗತಿಗಳು. "ಪ, ಬ, ಮ, ತ, ನ" ಮೊದಲು ಬರುತ್ತವೆ, "ಕ, ಗ" ಆಮೇಲೆ, "ರ" ಮತ್ತು "ಶ" ಇನ್ನೂ ತಡವಾಗಿ. ನಾಲ್ಕು ವರ್ಷಕ್ಕೂ "ಕ"ಗೆ "ತ" ಎನ್ನುತ್ತಿದ್ದರೆ, ಐದಾದರೂ "ರ" ಬಾರದಿದ್ದರೆ ತೋರಿಸಿ. ಮೂರಕ್ಕೆ ಮನೆಯವರಿಗೇ ಮಾತು ತಿಳಿಯದಿದ್ದರೆ ಆಗಲೇ ತೋರಿಸಿ.

ಎರಡರಿಂದ ಐದು ವರ್ಷದೊಳಗೆ, ವಾಕ್ಯ ಉದ್ದವಾಗುವ ಹೊತ್ತಿನಲ್ಲಿ, ಅನೇಕ ಮಕ್ಕಳು ಉಗ್ಗುತ್ತಾರೆ. ಹೆಚ್ಚಿನವರಲ್ಲಿ ತಾನೇ ಹೋಗುತ್ತದೆ. ಆರು ತಿಂಗಳಾದರೂ ಹೋಗದಿದ್ದರೆ, ಮನೆಯಲ್ಲಿ ಬೇರೆಯವರಿಗೂ ಉಗ್ಗು ಇದ್ದರೆ, ಮಾತಾಡುವಾಗ ಕಣ್ಣು ಮುಚ್ಚಿ ಕತ್ತು ಸೆಟೆಯುತ್ತಿದ್ದರೆ ಥೆರಪಿಸ್ಟರ ಬಳಿ ಹೋಗಿ. "ನಿಧಾನ ಮಾತಾಡು", "ಉಸುರ ಎಳಕೋ" ಎನ್ನಬೇಡಿ, ಅದರ ವಾಕ್ಯವನ್ನು ನೀವು ಮುಗಿಸಬೇಡಿ. ನಿಮ್ಮ ಮಾತನ್ನು ನಿಧಾನ ಮಾಡಿ, ಕೊನೆಯವರೆಗೆ ಕೇಳಿ.

9. ಕಾಗದಪತ್ರ

ಕಿವುಡು, ಆಟಿಸಂ, ಮಾತು-ಭಾಷೆಯ ದೋಷ ಇವೆಲ್ಲ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೇರಿವೆ. ತಜ್ಞರು ಖಚಿತಪಡಿಸಿದ ಮೇಲೆ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಬಹುದು. ಬಹಳ ಸೌಲಭ್ಯಗಳಿಗೆ ಅಂಗವಿಕಲತೆಯ ಪ್ರಮಾಣ ಕನಿಷ್ಠ 40 ಶೇಕಡಾ ಇರಬೇಕು. ಬರೀ ತಡವಾಗಿ ಮಾತಾಡುವ ಎರಡು ವರ್ಷದ ಮಗುವಿಗೆ ಕಾರ್ಡಿನ ಗಡಿಬಿಡಿ ಬೇಡ. ಕಿವುಡು ಖಚಿತವಾಗಿದ್ದರೆ ಮಾತ್ರ ಅರ್ಜಿಯನ್ನು ಬೇಗ ಹಾಕಿ, ಯಂತ್ರದ ನೆರವಿಗೆ ಕೇಳುತ್ತಾರೆ. ಎಲ್ಲ ವರದಿಗಳ ಎರಡೆರಡು ಝೆರಾಕ್ಸ್ ತೆಗೆಸಿ, ಮೂಲ ಪ್ರತಿಯನ್ನು ಯಾರಿಗೂ ಕೊಡಬೇಡಿ.

10. ಮೂರು ತಿಂಗಳಿಗೊಮ್ಮೆ ಮತ್ತೆ ಎಣಿಸಿ

ಅದೇ ನೋಟ್‌ಬುಕ್ಕಿನಲ್ಲಿ, ಅದೇ ನಿಯಮದಲ್ಲಿ, ಮತ್ತೊಂದು ವಾರ ಪದಗಳನ್ನು ಬರೆಯಿರಿ. ಮೊದಲು ತಿಳಿವಳಿಕೆ ಏರುತ್ತದೆ, ಬೆರಳು ತೋರಿಸುವುದು ಹೆಚ್ಚುತ್ತದೆ, ಪದ ಆಮೇಲೆ. ಪದ ಏರಿಲ್ಲವೆಂದು ಎರಡನೇ ತಿಂಗಳಿಗೇ ಥೆರಪಿ ಬಿಡಬೇಡಿ. ಮೂರೂ ಏರದಿದ್ದರೆ ನೋಟ್‌ಬುಕ್ ತೋರಿಸಿ ಮತ್ತೆ ತಪಾಸಣೆ ಮಾಡಲು ಕೇಳಿ, ಕಿವಿಯನ್ನೂ ಸೇರಿಸಿ. ಹೋದ ವರ್ಷ ಪಾಸಾದ ಕಿವಿಯಲ್ಲಿ ಈ ವರ್ಷ ನೀರು ತುಂಬಿರಬಹುದು. ಎಣಿಕೆ ಇಳಿದಿದ್ದರೆ, ಅಂದರೆ ಇದ್ದ ಪದ ಹೋಗಿದ್ದರೆ, ಮುಂದಿನ ಥೆರಪಿ ದಿನಕ್ಕೂ ಕಾಯದೆ ಮರುದಿನವೇ ಮಕ್ಕಳ ಡಾಕ್ಟರ ಬಳಿ ಹೋಗಿ.